ಕಡವಿನ ಹಾಡಿನ ಹೊಳ್ಳರು

ದಾರಿಯಲ್ಲಿ ಎಲ್ಲಾದರೂ ತಮ್ಮ ಹಾಡು ಕೇಳಿಸಿತೆಂದರೆ ಮಹಾಲಿಂಗ ಹೊಳ್ಳರು ಅದು ಮುಗಿಯುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಚಹಾದಂಗಡಿಯ ಗ್ರಾಮಫೋನೇ ಇರಲಿ, ಮದುವೆಮನೆಯ ಧ್ವನಿವರ್ಧಕವೇ ಇರಲಿ, ಕೊಡೆಯನ್ನು ಕಂಕುಳಲ್ಲಿ ಅವುಚಿ, ಆ ಸೆಕೆಯಲ್ಲೂ ಕರಿಯ ಕೋಟಿನ ಮೇಲುಗುಂಡಿ ಹಾಕಿಕೊಂಡು, ಗುರುವಿನ ಮುಂದೆ ನಿಂತ ಶಿಷ್ಯನಂತೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದರು. ಅವರೊಡನೆ ಒಂದೇ ಬ್ಯಾಂಕಿನಲ್ಲಿ, ಮೊದಲು ಕೊಚ್ಚಿಯಲ್ಲೂ ಆಮೇಲೆ ತಿರುವನಂತಪುರದಲ್ಲೂ ನಾಲ್ಕು ವರ್ಷ ದುಡಿದ ನನಗೆ ಹೀಗೆ ತಪ್ಪಿಹೋದ ಬಸ್ಸುಗಳು ಕಡಿಮೆಯಲ್ಲ.

ಕಾಸರಗೋಡಿನ ಕಡೆಯವರಾದ ಹೊಳ್ಳರಿಗೆ ಸಂಗೀತ ಕುಲವಿದ್ಯೆಯಲ್ಲ. ಚಲನ್‌ಗಳಿಗೆ ಮೊಹರು ಒತ್ತುವಾಗ ಗುನುಗುವುದಷ್ಟೇ ಅವರ ಸಾಧನೆ. ಆ ಗುನುಗು ಕೌಂಟರಿನಾಚೆ ನಿಂತಿದ್ದ ರಾಮದಾಸ ಎಂಬ ಹಾರ್ಮೋನಿಯಂ ವಾದಕರ ಕಿವಿಗೆ ಬಿದ್ದಿತ್ತು. ಸಾವಿರದ ಒಂಬೈನೂರ ಐವತ್ತಾರರಲ್ಲಿ ಅವರ ನಾಟಕ ತಂಡದ ಗಾಯಕನಿಗೆ ಪ್ರದರ್ಶನದ ದಿನವೇ ಗಂಟಲು ಕಟ್ಟಿದಾಗ ಅವರು ನೆಟ್ಟಗೆ ಬ್ಯಾಂಕಿಗೆ ಬಂದು ಹೊಳ್ಳರನ್ನು ಕರೆದೊಯ್ದು ಪರದೆಯ ಹಿಂದೆ ನಿಲ್ಲಿಸಿದರು. ಇನ್ನೆಂದೂ ಬಾರದವಳಿಗಾಗಿ ದೋಣಿ ತಡೆದು ನಿಂತ ಅಂಬಿಗನೊಬ್ಬ ‘ಕಡವಿಲ್ ಆರುಂಡು’, ದೋಣಿ ಹತ್ತುವ ಕಡವಿನಲ್ಲಿ ಯಾರಿದ್ದೀರಿ, ಎಂದು ದೀರ್ಘವಾಗಿ ಕೂಗುವ ಹಾಡು ಅದು. ಮಲಯಾಳಿಗಳ ನಾಲಗೆಗಷ್ಟೇ ಒಲಿಯುವ ಒಂದು ಅಕ್ಷರ ಹೊಳ್ಳರ ಬಾಯಲ್ಲಿ ಬರಿಯ ‘ಳ’ಕಾರವಾಗಿ ಹೊರಳಿತು. ಪ್ರೇಕ್ಷಕರು ಆ ತಪ್ಪನ್ನೇ ಮಾಧುರ್ಯವೆಂದು ಮೆಚ್ಚಿದರು. ಎರಡು ತಿಂಗಳಲ್ಲಿ ಹಾಡಿನ ತಟ್ಟೆ ಹೊರಬಂತು, ಆರು ತಿಂಗಳಲ್ಲಿ ಅದು ಮಟ್ಟಾಂಚೇರಿಯ ದೋಣಿಗಳನ್ನೇರಿ ಹಿನ್ನೀರಿನ ಊರೂರಿಗೂ ಹೋಯಿತು. ಖಾತೆಯೇ ಇಲ್ಲದವರು ಗಾಯಕರ ಮುಖ ನೋಡಲು ಬ್ಯಾಂಕಿಗೆ ಬರುತ್ತಿದ್ದರು. ಆ ಕೋಟು ಹೊಲಿಸಿದ್ದು ಆಗಲೇ, ಪತ್ರಿಕೆಯವರ ಚಿತ್ರಕ್ಕೆಂದು.

ಮುಂದಿನ ಹಾಡುಗಳಿಗಾಗಿ ಹೊಳ್ಳರು ಪಂಡಿತರೊಬ್ಬರಲ್ಲಿ ಉಚ್ಚಾರಣೆ ತಿದ್ದಿಕೊಂಡರು. ಎರಡು ತಟ್ಟೆಗಳು ಬಂದವು. ನಿರ್ದೋಷವಾದ ಆ ಗಾಯನವನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ. ತಟ್ಟೆ ಹೊರತಂದ ಗ್ರಾಮಫೋನ್ ಕಂಪನಿಯವರು ಅವರ ಪತ್ರಗಳಿಗೆ ಉತ್ತರ ಬರೆಯುವುದನ್ನು ನಿಲ್ಲಿಸಿದರು. ಹೊಳ್ಳರು ಮಾತ್ರ ತಿಂಗಳಿಗೊಂದು ಪತ್ರ ಹಾಕುತ್ತ, ಪ್ರತಿ ಭಾನುವಾರ ಬೆಳಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ನಡೆಸಿದರು.

“ಬಾಗಿಲು ಹಾಕಿ ಹಾಡಿದರೆ ಯಾರಿಗೆ ಕೇಳುವುದು?” ಎಂದು ಪತ್ನಿ ಶಂಕರಿಯಮ್ಮ ಒಮ್ಮೆ ನನ್ನ ಎದುರಿಗೇ ಕೇಳಿದರು.

“ಈಗ ಕೇಳುವುದಕ್ಕೆ ಅಲ್ಲ. ಕರೆದಾಗ ತಯಾರಿರಬೇಕಲ್ಲ,” ಎಂದರು ಹೊಳ್ಳರು.

ಐವತ್ತೆಂಟರಲ್ಲಿ ನಮ್ಮಿಬ್ಬರಿಗೂ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ಹಾಡನ್ನು ಎಲ್ಲರೂ ಬಲ್ಲರು, ಹೊಳ್ಳರನ್ನು ಯಾರೂ ಅರಿಯರು. ಒಂದು ಸಂಜೆ ಏಳು ವರ್ಷದ ಮಗಳು ಮೋಹಿನಿ ಅಂಗಳದಲ್ಲಿ ಕುಣಿಯುತ್ತ ಅದೇ ಧಾಟಿಯಲ್ಲಿ ‘ಚುಮಟ್ಟಿಲ್ ಎಂತುಂಡು’ ಎಂದು ಹಾಡಿದಳು. ಹೊರೆಯಲ್ಲಿ ಏನಿದೆ ಎಂದು ಅರ್ಥ. ಹೊಳ್ಳರ ಮುಖ ಕಪ್ಪಿಟ್ಟಿತು.

“ಯಾರು ಕಲಿಸಿದ್ದು ನಿನಗೆ ಇದನ್ನು?”

“ಎಲ್ಲಾವರುಂ ಇಂಙನೆಯಾ ಪಾಡುನ್ನದು, ಅಪ್ಪ,” ಎಂದಳು ಮಗು, ಕನ್ನಡ ತಿಳಿದರೂ ಮಲಯಾಳದಲ್ಲೇ. ಎಲ್ಲರೂ ಹೀಗೇ ಹಾಡುತ್ತಾರಂತೆ, ಶಾಲೆಯ ದಾರಿಯಲ್ಲಿ ಚಾಲೈ ಪೇಟೆಯಲ್ಲಿ ದಿನವೂ ಕೇಳುತ್ತಾಳಂತೆ.

ಮರುದಿನ ಹೊಳ್ಳರು ನನ್ನನ್ನು ಕರೆದುಕೊಂಡು ಚಾಲೈಗೆ ಹೋದರು. ಅಕ್ಕಿಮಂಡಿಯ ಮುಂದೆ ಹೊರೆಯಾಳುಗಳು ಮೂಟೆ ಇಳಿಸುತ್ತಿದ್ದರು. ಒಬ್ಬ ‘ಚುಮಟ್ಟಿಲ್’ ಎಂದೊಡನೆ ಉಳಿದವರು ‘ಎಂತುಂಡು’ ಎಂದು ಮೊಟಕಾಗಿ ಕೂಗಿ ಒಟ್ಟಿಗೆ ಎತ್ತುತ್ತಿದ್ದರು. ಹೊಳ್ಳರು ನೇರವಾಗಿ ಅವರ ನಡುವೆ ಹೋಗಿ, ಇದು ಹೀಗಲ್ಲ, ಮಾತು ಬೇರೆ, ಎಂದು ತಡೆದರು. ವೇಲಾಯುಧನ್ ಎಂಬ ನರೆತ ತಲೆಯ ಮುಖ್ಯಸ್ಥ ಹೆಗಲ ತೋರ್ತಿನಿಂದ ಮುಖ ಒರೆಸಿಕೊಂಡು, ಸಾವಧಾನವಾಗಿ, ತನ್ನ ಮಲಯಾಳದಲ್ಲಿ ಹೇಳಿದ:

“ಸಾರೇ, ಇದು ನಮ್ಮ ಅಪ್ಪೂಪ್ಪನ ಕಾಲದ ಪಾಟ್ಟು. ನಮ್ಮ ಅಜ್ಜಂದಿರು ಹಾಡಿ ಹೊತ್ತದ್ದು.”

ಹಾಡಿಗೆ ಆಗ ಎರಡು ವರ್ಷ. ಆತ ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದ. ‘ಹಾಡಿದವನು ನಾನೇ’ ಎಂಬ ಮಾತು ಹೊಳ್ಳರ ತುಟಿಯವರೆಗೆ ಬಂದದ್ದನ್ನು ನಾನು ಕಂಡೆ. ಅವರು ಅದನ್ನು ಹೇಳಲಿಲ್ಲ. ಹೇಗೆ ಹಾಡಬೇಕು, ಸಾರ್ ಹಾಡಿ ತೋರಿಸಲಿ, ಎಂದು ಆತನೇ ಕೇಳಿದ. ಹೊಳ್ಳರು ಅಕ್ಕಿಯ ಧೂಳಿನ ನಡುವೆ ನಿಂತು ಪಲ್ಲವಿಯನ್ನು ಪೂರ್ತಿ ಹಾಡಿದರು. ಹೊರೆಯಾಳುಗಳು ಮರ್ಯಾದೆಯಿಂದ ಕೇಳಿದರು.

“ಚಂದ ಉಂಟು,” ಎಂದ ವೇಲಾಯುಧನ್. “ಆದರೆ ಇದರಲ್ಲಿ ಮೂಟೆ ಏಳುವುದಿಲ್ಲ ಸಾರೇ. ಉಸಿರು ಉದ್ದವಾಯಿತು.”

ಹಿಂದಿರುಗುವಾಗ ಹೊಳ್ಳರು ಪೇಟೆಯ ಪಕ್ಕದ ಕೋಟೆಯ ಬಾಗಿಲು ದಾಟಿದರು. ಆಮೇಲೆ ಮೆಲ್ಲಗೆ, “ಅವನು ಹೇಳಿದ್ದು ಸರಿ ಉಂಟು. ಅಷ್ಟು ಎಳೆದರೆ ಎತ್ತಲಿಕ್ಕೆ ಆಗುವುದಿಲ್ಲ,” ಎಂದರು.

ಅದನ್ನು ಅರಗಿಸಿಕೊಳ್ಳಲು ಅವರಿಗೆ ದಿನಗಳು ಹಿಡಿದವು. ಕಚೇರಿಯಲ್ಲಿ ಎರಡು ವಾರ ಅವರ ಬಾಯಿಂದ ಗುನುಗು ಕೇಳಲಿಲ್ಲ. ಊಟವೂ ಸೇರುತ್ತಿಲ್ಲವೆಂದು ಶಂಕರಿಯಮ್ಮ ಬಂದು ಹೇಳಿಹೋದರು. ಆದರೆ ಚಾಲೈಗೆ ಹೋಗುವುದನ್ನು ಅವರು ಬಿಡಲಿಲ್ಲ. ಕೊಳ್ಳುವುದೇನೂ ಇಲ್ಲದಿದ್ದರೂ ಮಂಡಿಯ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು. ಕಂಪನಿಗೆ ಪತ್ರ ಬರೆಯುವುದು ತಾನಾಗಿ ನಿಂತಿತು.

ವಿಧಿಯ ರೀತಿಯೇ ಹಾಗೆ. ಐವತ್ತೊಂಬತ್ತರಲ್ಲಿ ಕಂಪನಿಯಿಂದ ಅವರಿಗೇ ಪತ್ರ ಬಂತು, ಹಳೆಯ ಹಾಡನ್ನೇ ಹೊಸ ಮೇಳದೊಡನೆ ಮತ್ತೆ ಹಾಡಬೇಕೆಂದು. ತಟ್ಟೆಯ ಒಂದು ಮಗ್ಗುಲಿಗೆ ಅಂಬಿಗನ ಹಾಡು, ಇನ್ನೊಂದಕ್ಕೆ ಹೊರೆಯಾಳುಗಳದು, ಅದನ್ನು ಅವರೇ ಹಾಡಲಿ, ಎಂದು ಹೊಳ್ಳರು ಉತ್ತರಿಸಿದರು. ಕಂಪನಿ ಒಪ್ಪಲಿಲ್ಲ, ಹೊಳ್ಳರೂ ಹೋಗಲಿಲ್ಲ.

“ಎಷ್ಟು ವರ್ಷ ಕಾದದ್ದು ನೀವು ಈ ಕಾಗದಕ್ಕೆ,” ಎಂದರು ಶಂಕರಿಯಮ್ಮ.

“ಹೌದು. ನನ್ನದೊಂದೇ ಹಾಕಿದರೆ ಅರ್ಧ ಹಾಡು ಮಾತ್ರ ಆಗುವುದು. ಎಂತ ಮಾಡುವುದು,” ಎಂದರು.

ಒಂದೇ ಹಾಡಿನವರೆಂದು ಲೋಕ ಇಂಥವರನ್ನು ಕನಿಕರದಿಂದ ಕಾಣುತ್ತದೆ. ನೂರು ಹಾಡಿದವರ ಹಾಡುಗಳು ಅವರ ಹೆಸರಿನ ಆಶ್ರಯದಲ್ಲಿ ಬಾಳುತ್ತವೆ. ಒಂದನ್ನೇ ಹಾಡಿದವರಿಗೆ ಆ ಆಶ್ರಯ ಕೊಡುವ ಶಕ್ತಿಯಿಲ್ಲ. ಅವರ ಹಾಡು ಅನ್ಯರ ಮನೆ ಸೇರಿ, ಅಲ್ಲಿಯ ಕೆಲಸಕ್ಕೆ ಕೈ ಹಾಕಿ, ಅಲ್ಲಿಯದೇ ಆಗಿಬಿಡುತ್ತದೆ. ಮದುವೆಮಾಡಿ ಕೊಟ್ಟ ಮಗಳನ್ನು ಆ ಮನೆಯವರು ಬೇರೆ ಹೆಸರಿನಿಂದ ಕರೆಯುವುದನ್ನು ಬಾಗಿಲಲ್ಲಿ ನಿಂತು ಕೇಳುವ ತಂದೆಯ ಪಾಡು ಇವರದು. ಹಾಗೆ ಕೇಳಿಯೂ ಒಳಗೆ ಹೋಗಿ, ಬೀಗರ ಪಂಕ್ತಿಯಲ್ಲಿ ಮುಖ ಬಾಡಿಸದೆ ಕುಳಿತು ಉಣ್ಣಬಲ್ಲವರು ವಿರಳ. ಹೊಳ್ಳರು ಉಂಡವರು.