ಮೂರನೆಯ ಚುಚ್ಚುಮದ್ದಿಗೆ ಮುಂಚೆ

ಮುಂದಿನ ಬೆಂಚಿನವನ ಹಿಂಗತ್ತಿನ ಕೂದಲನ್ನು ಯಾವನೋ ಅವಸರದಲ್ಲಿ ಕತ್ತರಿಸಿದ್ದಾನೆ, ಎಡಕ್ಕೆ ಮೆಟ್ಟಿಲು ಬಿದ್ದಿದೆ, ನನ್ನ ಕೈಗೆ ಸಿಕ್ಕಿದ್ದರೆ ಎರಡು ನಿಮಿಷದಲ್ಲಿ ಸರಿಮಾಡುತ್ತಿದ್ದೆ — ಕತ್ತರಿಯಲ್ಲಿ ಮಾತ್ರ, ಕ್ಷೌರದ ಕತ್ತಿ ಮುಟ್ಟುವ ಹಾಗಿಲ್ಲವಲ್ಲ, ಅದು ಒಂದು ತಿಂಗಳಿನಿಂದ ಮಾವನ ಜೇಬಿನಲ್ಲಿದೆ, ಎಡತೋಳು ಉರಿಯುತ್ತಿದೆ, ಇವತ್ತಿನ ಎರಡನೆಯ ಚುಚ್ಚುಮದ್ದು, ಅರ್ಧ ಗಂಟೆ ಇಲ್ಲೇ ಕೂತಿರಬೇಕು, ಆಮೇಲೆ ಮೂರನೆಯದು, ನನಗೆ ಸೀನು ಬರಿಸುವ, ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳದ ಸತ್ವವನ್ನೇ ಚುಚ್ಚುತ್ತಾರೆ, ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಅಂದರು ಡಾಕ್ಟರು, ಎರಡು ದಾರಿ ಇದೆ ನೋಡಿ, ವಾರಕ್ಕೊಂದರ ಹಾಗೆ ಏಳು ತಿಂಗಳು, ಇಲ್ಲಾ ಒಂದೇ ದಿನಕ್ಕೆ ಎರಡು ಮೂರು ಹಾಕಿ ಎಂಟೇ ವಾರ, ಬೇಗದ್ದರಲ್ಲಿ ಮೈ ತಿರುಗಿಬೀಳೋ, ಗಂಟಲು ಕಟ್ಟೋ ಭಯ ಸ್ವಲ್ಪ ಜಾಸ್ತಿ. ನಾನು ಎಂಟು ಅಂದೆ. ಆತುರಗಾರನಿಗೆ ಬುದ್ಧಿ ಮಟ್ಟ, ಏಳು ತಿಂಗಳಾದ್ರೆ ಏನೀಗ ಅಂದಳು ಹೆಂಡತಿ, ಅವಳಿಗೇನು, ಇನ್ನೆರಡು ತಿಂಗಳಿಗೆ ಅವಳಪ್ಪ ಅಂಗಡಿಯ ಬೀಗದ ಕೈಯನ್ನು ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೆ ಕೊಡುತ್ತಾರೆ, ನನಗೆ ಅಥವಾ ಷಡ್ಡಕನಿಗೆ, ಅವನ ಕೈಯಲ್ಲಿ ಕತ್ತಿಯೂ ಕೊಡಲಿಯೂ ಒಂದೇ, ಆದರೆ ಮೂಗು ಚೆನ್ನಾಗಿದೆ. ಹನ್ನೆರಡು ವರ್ಷ ಆ ಕುರ್ಚಿಯ ಹಿಂದೆ ನಿಂತವನು ನಾನು, ಆವತ್ತು ಅದರಲ್ಲಿ ಕೂತವರು ಮಾವನೇ ಆಗಬೇಕೇ, ನೊರೆ ಹಚ್ಚಿ ಕಿವಿಯ ಕೆಳಗೆ ಬಂದಿದ್ದೆ, ಸೀನು — ಬಿಳಿ ನೊರೆಯಲ್ಲಿ ಕೆಂಪು ಹನಿ, ಮಾವ ಕತ್ತಿ ಮಡಿಚಿ ಜೇಬಿಗಿಟ್ಟುಕೊಂಡರು, ಮೊದ್ಲು ಮೂಗು ನೋಡ್ಕೊಳಪ್ಪ, ಷಡ್ಡಕ ಕನ್ನಡಿಯಲ್ಲೇ ನಕ್ಕ, ನೆಗಡಿ ಬಂತಂತ ಮೂಗು ಕೊಯ್ಕೊಳ್ಳೋರನ್ನ ಕೇಳಿದ್ದೆ ಅಣ್ಣ, ಮಾವನ ಕಿವಿ ಕೊಯ್ಯೋರನ್ನ ಇವತ್ತೇ ನೋಡಿದ್ದು.

ಗಂಟಲೊಳಗೆ ಏನೋ ಕೆರೆಯುತ್ತಿದೆ, ನೀರು ಕುಡಿದೆ, ಹೋಗಲಿಲ್ಲ, ಅಂಗೈಯೂ ತುರಿಸುತ್ತಿದೆ, ತೋಳಿನ ದದ್ದು ಶರ್ಟಿನ ಗುಂಡಿಯಷ್ಟಿತ್ತು, ಈಗ ಎಷ್ಟಿದೆಯೋ, ನೋಡಲು ಭಯ, ಹೇಳಿದರೆ ಮೂರನೆಯದನ್ನು ನಿಲ್ಲಿಸಿ ಏಳು ತಿಂಗಳ ದಾರಿಗೆ ಅಟ್ಟುತ್ತಾರೆ, ಅಂಗಡಿ ಹೋಯಿತು ಅಂತಲೇ ಲೆಕ್ಕ, ನರ್ಸ್ ಬಂದರು, ಗಂಟಲು ಹೇಗಿದೆ, ಉಸಿರು ಸಲೀಸಾ, ಚೆನ್ನಾಗಿದೆ ಸಿಸ್ಟರ್, ಅಂದೇಬಿಟ್ಟೆ, ಅವರು ಮೂರನೆಯದನ್ನು ತರಲು ಹೋದರು. ಆವತ್ತೂ ಗೊತ್ತಿತ್ತು. ಸೀನು ಹೇಳದೆ ಬರಲಿಲ್ಲ, ಮೂಗಿನ ಬುಡದಲ್ಲಿ ಕಚಗುಳಿ, ಮೂರು ಎಣಿಸುವಷ್ಟು ಹೊತ್ತಿತ್ತು, ಕತ್ತಿ ಎತ್ತಬಹುದಿತ್ತು, ಷಡ್ಡಕ ನೋಡುತ್ತಿದ್ದ, ತಡೆದೇನು ಅಂದುಕೊಂಡೆ, ಎತ್ತಲಿಲ್ಲ, ಇದನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ — ಉಗುಳು ಇಳಿಯುತ್ತಿಲ್ಲ, ಸೂಜಿ ಹತ್ತಿರ ಬರುತ್ತಿದೆ, ತೋಳು ಮೇಲೆ ಮಾಡಿ ಅನ್ನುತ್ತಿದ್ದಾರೆ, ಒಂದು, ಎರಡು, ಸಿಸ್ಟರ್, ಸುಳ್ಳು ಹೇಳ್ದೆ, ಗಂಟಲು ಬಿಗೀತಿದೆ, ಟ್ರೇ ಎಲ್ಲೋ ಬಿತ್ತು, ಡಾಕ್ಟರ್ ಬೇಗ ಬನ್ನಿ, ಮಲಗಿ ಮಲಗಿ, ಗಂಟಲು ಬಿಡಿಸಲು ತೊಡೆಗೆ ಬೇರೆಯೇ ಸೂಜಿ, ಎದೆ ಡವಡವ, ಏಳು ತಿಂಗಳು, ಏಳು ತಿಂಗಳು, ಬೀಗದ ಕೈ ಷಡ್ಡಕನಿಗೇ, ಅಳು ಬರುತ್ತಿದೆ, ಉಸಿರೂ ಬರುತ್ತಿದೆ, ಕಣ್ಣು ಕಾಣ್ತಿದೆಯಾ, ನನ್ನನ್ನ ನೋಡಿ ಅನ್ನುತ್ತಿದ್ದಾರೆ ನರ್ಸ್, ಕಾಣುತ್ತಿದೆ, ಕಿವಿಯ ಕೆಳಗೆ ಬಿಳಿ ನೊರೆ, ನೊರೆಯಲ್ಲಿ ಕೆಂಪು ಹನಿ, ಕೆಂಪು ಹನಿ