ಶ್ರೀಮತಿ ಹನಮವ್ವನ ಮನೆ

"ಏ ಹನಮಿ, ಎಮ್ಮಿಗಿರೂ ಬುದ್ಧಿನೂ ನಿನಗಿಲ್ಲಲ್ಲಬೇ. ಟೈಲ್ಸ್ ಮ್ಯಾಲ ಸೆಗಣಿ ಬಳೀಬ್ಯಾಡ ಅಂತ ಎಷ್ಟ ಸಲ ಬೊಗಳ್ಬೇಕು ನಿನಗ?"

ರೇವಪ್ಪಗೌಡ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ. ಹನಮವ್ವ ತಲೆ ಎತ್ತದೆ ಸೆಗಣಿಯನ್ನು ಬುಟ್ಟಿಗೆ ಬಾಚಿದಳು.

ಕೊಟ್ಟಿಗೆ ಹೊಸದು. ಹಿಂದಿನ ಬೇಸಿಗೆಯಲ್ಲಿ ಹಳೆಯ ಮಣ್ಣಿನ ಗೋಡೆ ಕೆಡವಿ, ಸಿಮೆಂಟ್ ಇಟ್ಟಿಗೆಯಲ್ಲಿ ಕಟ್ಟಿಸಿದ್ದರು. ಗಾಜಿನ ಕಿಟಕಿ ಇತ್ತು. ಒಂದು ಮೂಲೆಯಲ್ಲಿ ಅಡುಗೆ ಕಟ್ಟೆಯೂ ಇತ್ತು. ಅದರ ಮೇಲೆ ಹಿಂಡಿ ಚೀಲ ಇಡುತ್ತಿದ್ದರು. ಎಮ್ಮೆಗೆ ಟೈಲ್ಸ್ ಯಾಕೆ ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಒಂದು ಎಮ್ಮೆ ಜಾರಿ ಬಿದ್ದು ಕುಂಟಿದ ಮೇಲೆ ಗೌಡನೇ ಗೋಣಿ ಹಾಸಿಸಿದ.

ಹನಮವ್ವನ ಸ್ವಂತ ಮನೆ ಕೇರಿಯ ಕೊನೆಗಿತ್ತು. ಅದರ ಹಿಂದಿನ ಗೋಡೆ ಮಳೆಗೆ ಬಿದ್ದಿತ್ತು. ಅಲ್ಲಿ ಗೊಬ್ಬರದ ಚೀಲ ಹೊಲಿದು ಕಟ್ಟಿದ್ದಳು. ಮನೆ ದುರಸ್ತಿಗೆ ಸರ್ಕಾರ ದುಡ್ಡು ಕೊಡುತ್ತದೆಂದು ಕೇಳಿ, ಪಂಚಾಯಿತಿ ಮೆಂಬರನಾಗಿದ್ದ ಗೌಡನ ಕಾಲಿಗೆ ಬಿದ್ದು ಬೇಡಿದ್ದಳು. ಗೌಡ ಹೆಬ್ಬೆಟ್ಟು ಒತ್ತಿಸಿಕೊಂಡ. ಆಮೇಲೆ ಇಂಜಿನಿಯರ್ ಬಂದ. ಕೇರಿಯಲ್ಲಿ ಫೋನಿಗೆ ಸಿಗ್ನಲ್ ಬರುವುದಿಲ್ಲ, ಫೋಟೋಕ್ಕೆ ಇಲ್ಲೇ ನಿಲ್ಲು ಎಂದು ಗೌಡ ಅವಳನ್ನು ಹಳೆಯ ಕೊಟ್ಟಿಗೆಯ ಮುಂದೆ ನಿಲ್ಲಿಸಿದ. ಗೋಡೆ ಎದ್ದಾಗ ಮತ್ತೆ ನಿಂತಳು. ಮಾಳಿಗೆ ಹಾಕಿದಾಗ ಮತ್ತೆ ನಿಂತಳು. ಗೌಡನ ಆಳು ಅಮಸಿದ್ದ ಅವಳನ್ನು ಬ್ಯಾಂಕಿಗೆ ಕರೆದೊಯ್ದು, ಬಂದ ರೊಕ್ಕವನ್ನು ತನ್ನ ಚೀಲಕ್ಕೆ ಹಾಕಿಕೊಂಡ. ಅದು ಗೌಡರ ಗೊಬ್ಬರದ ಸಬ್ಸಿಡಿ, ತಪ್ಪಿ ನಿನ್ನ ಖಾತೆಗೆ ಬಂದೈತಿ ಎಂದ. ನಿನ್ನ ಕಾಗದ ಇನ್ನೂ ಮುದ್ದೇಬಿಹಾಳದಾಗ ಐತಿ ಎಂದೂ ಹೇಳಿದ. ಅವಳು ಕಾದಳು.

ಟೈಲ್ಸಿನ ಸಲುವಾಗಿ ಗೌಡ ಬೈದ ದಿನವೇ ಮಧ್ಯಾಹ್ನ ಮಗಳು ಸುವರ್ಣಾ ರೊಟ್ಟಿ ಕಟ್ಟಿಕೊಂಡು ಬಂದಳು. ಸಿಂದಗಿ ಕಡೆಗೆ ಕೊಟ್ಟ ಹುಡುಗಿ, ಹತ್ತನೇ ಇಯತ್ತೆ ಪಾಸಾದವಳು, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೊಟ್ಟಿಗೆಯ ಹೊರಗೋಡೆಯ ನೀಲಿ ಅಕ್ಷರಗಳ ಮುಂದೆ ನಿಂತುಬಿಟ್ಟಳು.

"ಯವ್ವಾ, ಇಲ್ಲಿ ನಿನ್ನ ಹೆಸರ ಐತಿ."

"ನನ್ನ ಹೆಸರ ಯಾಂವ ಬರೀತಾನ ಗೋಡಿ ಮ್ಯಾಲ?"

ಸುವರ್ಣಾ ಓದಿದಳು. ಮನೆ ದುರಸ್ತಿ ಮತ್ತು ವಿಸ್ತರಣೆ. ಫಲಾನುಭವಿ: ಶ್ರೀಮತಿ ಹನಮವ್ವ ಗಂಡ ಯಮನಪ್ಪ ಮಾದರ.

ಹನಮವ್ವ ಇನ್ನೊಮ್ಮೆ ಓದಿಸಿದಳು. ಶ್ರೀಮತಿ ಅಂದರೆ ಯಾರು ಎಂದು ಕೇಳಿದಳು. ನೀನೇ ಎಂದು ಮಗಳು ಹೇಳಿದಳು.

ಪಂಚಾಯಿತಿಯಲ್ಲಿ ಪಿಡಿಓ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದ. ಫೋಟೋದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಹನಮವ್ವ, ಹಿಂದೆ ಕೊಟ್ಟಿಗೆ. ಅದು ಎಮ್ಮೆ ಕಟ್ಟುವ ಜಾಗವೆಂದು ಅವಳು ಹೇಳಿದಳು.

"ಇದರಾಗ ಮನಿ ಅಂತ ಐತಿ," ಎಂದ ಪಿಡಿಓ. "ಒಬ್ರಿಗಿ ಎರಡ ಸಲ ಕೊಡಾಕ ಬರೂದಿಲ್ಲ."

ಮೇಲಿನವರಿಗೆ ದೂರು ಕೊಡುತ್ತೇವೆಂದು ಸುವರ್ಣಾ ಹೇಳಿದಳು. ಕೊಡಬಹುದು ಎಂದ ಅವನು. ಆದರೆ ಸರ್ಕಾರದ ಮನೆಯಲ್ಲಿ ಎಮ್ಮೆ ಕಟ್ಟಿದ್ದಕ್ಕೆ ನೋಟಿಸು ಫಲಾನುಭವಿಯ ಹೆಸರಿಗೇ ಬರುತ್ತದೆ, ರೊಕ್ಕ ಹೊಳ್ಳಿ ಕಟ್ಟಬೇಕಾಗುತ್ತದೆ ಎಂದು ತಿಳಿಸಿ ಚಹಾಕ್ಕೆ ಎದ್ದು ಹೋದ.

ಹನಮವ್ವ ಹೋಗಿ ಕೇಳಿದಾಗ ಗೌಡ ಸಿಟ್ಟಾಗಲಿಲ್ಲ. ಹೆಸರು ನಿನ್ನದಾದರೆ ಏನಾಯಿತು, ತಪಾಸಣೆ ಮುಗಿದ ಮೇಲೆ ಅದರ ಮೇಲೆ ಸುಣ್ಣ ಬಳಿಸುತ್ತೇನೆ ಎಂದ. ನಾಳೆ ಬೇಗ ಬಾ ಎಂದೂ ಹೇಳಿದ. ಹನಮವ್ವ ಮರುದಿನ ಬೇಗ ಹೋದಳು. ಕೂಲಿ ಬಿಟ್ಟರೆ ಒಲೆ ಹತ್ತುತ್ತಿರಲಿಲ್ಲ.

ಸುವರ್ಣಾ ಹೆಣ್ಣುಮಗು ಹೆತ್ತಳು. ಮಳೆ ಹಿಡಿಯಿತು. ಗೊಬ್ಬರದ ಚೀಲ ಹರಿದು ನೀರು ಒಳಗೆ ನುಗ್ಗಿತು. ಒಂದು ನಸುಕಿನಲ್ಲಿ ಮಗು ಅತ್ತಿತೆಂದು ಸುವರ್ಣಾ ಅದನ್ನೆತ್ತಿಕೊಂಡು ಬಾಗಿಲ ಕಡೆ ಸರಿದಳು. ಅವಳು ಎದ್ದ ಹಾಸಿಗೆಯ ಮೇಲೆ ಪಕ್ಕದ ಗೋಡೆ ಬಿತ್ತು. ಹೆಚ್ಚು ಸಪ್ಪಳವಾಗಲಿಲ್ಲ, ಹಸಿ ಮಣ್ಣು. ಹನಮವ್ವ ಮಣ್ಣಿನ ಗುಡ್ಡೆಯನ್ನು ನೋಡಿದಳು, ಮಗಳನ್ನು ನೋಡಿದಳು, ಕೊಟ್ಟಿಗೆಗೆ ಹೋದಳು.

ಎಮ್ಮೆಗಳ ಕಣ್ಣಿ ಬಿಚ್ಚಿ ಗೌಡನ ಅಂಗಳಕ್ಕೆ ಹೊಡೆದಳು. ಸೆಗಣಿ ಬಾಚಿ, ಟೈಲ್ಸ್ ತಿಕ್ಕಿ ತೊಳೆದಳು. ಆಮೇಲೆ ಮಗಳನ್ನೂ ಮೊಮ್ಮಗಳನ್ನೂ ಒಲೆಯ ಮೂರು ಕಲ್ಲನ್ನೂ ಬೋಗುಣಿಯನ್ನೂ ತಂದಳು.

ಗೌಡ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಒಲೆ ಹತ್ತಿತ್ತು. ಬಾಗಿಲ ಮುಂದೆ ಊರಿನ ಮಂದಿ ಮಳೆಯಲ್ಲೇ ನಿಂತಿದ್ದರು.

"ಏ ಹಲ್ಕಟ್ ರಂಡಿ, ಎಮ್ಮಿ ಹೊರಗ ಹಾಕಿ ನಿಮ್ಮ ಹೊಲಸ ಒಳಗ ತಂದಿಯಾ? ನಡಿ ಹೊರಗ."

"ನನ್ನ ಮನಿ ಅಂತ ಬರದೈತ್ರಿ ಗೌಡ್ರ."

"ಇದು ನನ್ನ ಕೊಟಗಿ, ಬೋಸುಡಿ."

"ಹಂಗಂತ ಬರದು ಸೈ ಮಾಡಿ ಕೊಡ್ರಿ," ಎಂದಳು ಹನಮವ್ವ. "ಪಂಚಾಯಿತಿಗಿ ಒಯ್ದು ಕೊಟ್ಟು, ಈಗಿಂದೀಗ ಬಿಟ್ಟ ಹೋಗ್ತೇನಿ."

ಮಂದಿ ಗೌಡನ ಮುಖ ನೋಡಿದರು. ಗೌಡ ಅಮಸಿದ್ದನ ಕಡೆ ತಿರುಗಿ, ಇಬ್ಬರನ್ನೂ ಎಳೆದು ಹೊರಗೆ ಹಾಕು ಎಂದ.

ಅಮಸಿದ್ದ ಹೊಸ್ತಿಲವರೆಗೆ ಹೋಗಿ ನಿಂತ. ಎಳೆದು ಹಾಕಬೇಕೆಂದರೆ ಮುಟ್ಟಬೇಕಿತ್ತು. ಅವರು ಮಾದರು, ಒಬ್ಬಳು ಹಸಿ ಬಾಣಂತಿ.

"ಜಳಕಾ ಆಗೇತ್ರಿ ಗೌಡ್ರ," ಎಂದ ಅವನು. "ಇವತ್ತ ಸೋಮವಾರ."

ಗೌಡ ತಾನೂ ಮುಂದೆ ಬರಲಿಲ್ಲ. ಅಂಗಳದಲ್ಲಿ ಎಮ್ಮೆಗಳು ಕೆಚ್ಚಲು ತುಂಬಿ ಒದರುತ್ತಿದ್ದವು. ಕೊಡಲಿ ತಗೊಂಬಾ, ಬಾಗಿಲನ್ನೇ ಒಡೆದು ಹಾಕೋಣ, ಮಳೆಯಲ್ಲಿ ಹೇಗಿರುತ್ತಾರೋ ನೋಡೋಣ ಎಂದು ಗೌಡ ಕೂಗಿದ. ಅಮಸಿದ್ದ ಓಡಿದ.

ಬಾಗಿಲಿಗೆ ಒಳಗಿನಿಂದಲೂ ಚಿಲಕವಿತ್ತು. ಸರ್ಕಾರದ ನಕ್ಷೆಯಲ್ಲಿ ಇದೆಯೆಂದು ಹಾಕಿಸಿದ್ದು, ಒಂದು ದಿನವೂ ಬಳಸಿರಲಿಲ್ಲ. ಬಿಗಿಯಾಗಿತ್ತು. ಹನಮವ್ವ ಬಾಗಿಲು ಮುಚ್ಚಿ, ಅಂಗೈಯಿಂದ ಗುದ್ದಿ ಗುದ್ದಿ ಅದನ್ನು ಹಾಕಿದಳು.