ಜೋಡಿತಾಟು

ಶ್ರೀರಾಮನಗರದ ಪ್ರೆಸ್ಬಿಟೇರಿಯನ್ ಸಭೆಯವರು ವರ್ಷವಿಡೀ ಜಗಳಾಡುತ್ತಾರೆ, ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕೂತು ಅದನ್ನೆಲ್ಲ ಉಂಡು ಮುಗಿಸುತ್ತಾರೆ. ಹೀಗೆ ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಬರಲಿ. ಎಸ್ತೇರಳ ಬಾಯಿಂದ ಮೂರು ಹಲ್ಲು ಉದುರಿದ್ದು ಆ ಊಟದ ಮರುದಿನವೇ. ಅದನ್ನು ಅವರಲ್ಲಿ ಯಾರೂ ಇಲ್ಲವೆನ್ನಲಾರರು.

ಕಾಲುವೆಗೆ ನೀರು ನಿಲ್ಲಿಸಿ, ಎರಡನೇ ಬೆಳೆಯ ಭತ್ತ ಕೊಯ್ಲಾಗಿ, ಗದ್ದೆಗಳು ಬಿರುಕುಬಿಟ್ಟುಕೊಂಡು ಬಿದ್ದಿರುವ ಹೊತ್ತಿಗೆ ಅವರ ಬೇಸಿಗೆ ಕೂಟ ಬರುತ್ತದೆ. ಒಟ್ಟು ಎಂಟು ದಿನ. ಚರ್ಚಿನ ಮುಂದಿನ ಬೇವಿನ ಮರದಿಂದ ಗೋಡೆಯವರೆಗೆ ಜಿಲಾನಸಾಬ ಶಾಮಿಯಾನ ಎಳೆದು ಕಟ್ಟುತ್ತಾನೆ. ಬೆಳಿಗ್ಗೆ ಮಕ್ಕಳಿಗೆ ಹಾಡು, ಕಥೆ, ಲಿಂಬೆಹಣ್ಣಿನ ಪಾನಕ. ಆಮೇಲೆ ಹೆಂಗಸರಿಗೆ ಕುರ್ಚಿ ಆಟ, ಗಂಡಸರಿಗೆ ಹಗ್ಗ ಜಗ್ಗಾಟ. ಸಂಜೆ ಎಲ್ಲರಿಗೂ ಒಂದೇ ಸಾಲಿನಲ್ಲಿ ಊಟ. ಏಳನೆಯ ದಿನ, ಶನಿವಾರ ಮಧ್ಯಾಹ್ನ, ಜೋಡಿತಾಟು.

ಆ ವರ್ಷ ಯಾರ್ಯಾರು ಜಗಳಾಡಿದ್ದಾರೋ ಅವರು ಎದುರುಬದುರು ಕೂತು ಒಂದೇ ತಾಟಿನಲ್ಲಿ ಉಣ್ಣಬೇಕು. ಉಂಡ ತಾಟು ತೊಳೆದಿಟ್ಟರೆ ಜಗಳ ಮುಗಿಯಿತು. ಆಮೇಲೆ ಸಭೆ ನಡೆಸುವ ಹಿರಿಯರ ಮುಂದಾಗಲಿ ಪೊಲೀಸರ ಮುಂದಾಗಲಿ ಅದರ ಸುದ್ದಿ ಎತ್ತುವಂತಿಲ್ಲ. ಉಣ್ಣದವರಿಗೆ ಭಾನುವಾರ ಚರ್ಚಿನಲ್ಲಿ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿಯಿಲ್ಲ. ಬದುವಿನ ಜಗಳಕ್ಕೆ, ಪೈಪಿನ ನೀರಿನ ಜಗಳಕ್ಕೆ, ಕೋಳಿ ಕದ್ದ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಪದ್ಧತಿ ಇನ್ನೊಂದಿಲ್ಲ. ಆದರೆ ಆ ಹಿರಿಯರು ಕೋಳಿಯ ಜಗಳವನ್ನೂ ಹೆಂಡತಿಯ ಮೈಮೇಲಿನ ಬಾಸುಂಡೆಯನ್ನೂ ಒಂದೇ ತಾಟಿಗೆ ಹಾಕಿ ಕಲಸುತ್ತಿದ್ದರು.

ಇಪ್ಪತ್ತು ವರ್ಷದಿಂದ ಆ ಕೂಟದ ಅಡುಗೆ ಕರಿಯವ್ವನದು. ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು, ಇದ್ದವಳು ಒಬ್ಬಳೇ ಮಗಳು ಎಸ್ತೇರ. ಇನ್ನೂರು ಜನರ ಅನ್ನವನ್ನು ಒಬ್ಬಳೇ ತಿರುವುವ ತೋಳು, ಒಲೆಯ ಮುಂದೆ ಯಾರು ಬಂದರೂ ಬೈದು ಓಡಿಸುವ ಬಾಯಿ. ಹೀಗಿದ್ದ ಕರಿಯವ್ವನನ್ನು ಆ ವರ್ಷ ಸಭೆಯ ಹಿರಿಯಳಾಗಿ ಆರಿಸಿದ್ದರು. ಆ ಸಭೆಯಲ್ಲಿ ಹೆಂಗಸೊಬ್ಬಳು ಹಿರಿಯಳಾದದ್ದು ಅದೇ ಮೊದಲು. ಭಾನುವಾರ ರೊಟ್ಟಿಯ ಹರಿವಾಣ ಹಿಡಿದು ಬೆಂಚಿನಿಂದ ಬೆಂಚಿಗೆ ನಡೆಯುವುದು ಹಿರಿಯರ ಕೆಲಸ. ಕರಿಯವ್ವ ಬಿಳಿ ಸೀರೆ ತಂದಿಟ್ಟುಕೊಂಡಿದ್ದಳು. ಮನೆಯಲ್ಲಿ ಬಾಗಿಲು ಹಾಕಿಕೊಂಡು, ತಾಟಿನಲ್ಲಿ ಕಡಲೆ ಹಾಕಿಕೊಂಡು, ಒಂದೂ ಉರುಳದಂತೆ ನಡೆಯುವುದನ್ನು ರೂಢಿ ಮಾಡಿದ್ದಳು. ಅವಳ ಹೆಸರು ಎತ್ತಿದವನು ದೊಡ್ಡ ಹಿರಿಯ ಯಾಕೋಬಪ್ಪ. ಅವನು ಅವಳ ಬೀಗ. ಅವನ ಮಗ ಗಿದ್ಯೋನನೇ ಎಸ್ತೇರಳ ಗಂಡ.

ಶನಿವಾರ ಬೆಳಿಗ್ಗೆ ಕರಿಯವ್ವ ಕುರಿ ಕೊಯ್ದು ಮಾಂಸ ಹಸನು ಮಾಡುತ್ತಿದ್ದಾಗ ಎಸ್ತೇರ ಅಡುಗೆಯ ತಗಡಿನ ಮರೆಗೆ ಬಂದಳು. ಬೆನ್ನು ತಿರುಗಿಸಿ ಸೆರಗು ಸರಿಸಿದಳು. ಭತ್ತ ಕೊಯ್ಯುವ ಮಷಿನ್ನಿನ ಹಳೆಯ ಬೆಲ್ಟಿನ ಹಲ್ಲುಗಳು ಹೆಗಲಿನಿಂದ ಸೊಂಟದವರೆಗೆ ಸಾಲಾಗಿ ಮೂಡಿದ್ದವು. ಗಿದ್ಯೋನ ಆ ಮಷಿನ್ ನಡೆಸುವವನು.

"ಯವ್ವಾ, ಈ ಸಲ ಜೋಡಿತಾಟಿಗೆ ನನ್ನ ಕೂಗಬ್ಯಾಡ್ರಿ ಅಂತ ಹೇಳು. ನೀ ಈಗ ಹಿರಿಯಳದಿ. ನಿನ್ನ ಮಾತು ನಡಿತೈತಿ."

"ಏನಂದಾನ ಅಂವಾ?"

"ಉಣ್ಣು, ತಾಟು ತೊಳದ ಮ್ಯಾಲ ನಿನ್ನ ನೋಡ್ಕೋತೀನಿ ಅಂದಾನ. ಆಮ್ಯಾಲ ಯಾರೂ ಕೇಳಂಗಿಲ್ಲಲ್ಲ."

ಮದುವೆಯಾದ ಮೊದಲ ವರ್ಷ ಅಳಿಯ ಹೊಡೆದ ಏಟಿಗೆ ಮಗಳ ಎಡಗಿವಿ ಹೋಗಿತ್ತು. ಅದರ ಮೇಲೆ ಜೋಡಿತಾಟು ಆಯಿತು. ಎರಡನೇ ವರ್ಷ ಹೊಟ್ಟೆಗೆ ಒದ್ದು ಐದು ತಿಂಗಳ ಬಸಿರು ಹೋಯಿತು. ಅದರ ಮೇಲೂ ಜೋಡಿತಾಟು ಆಯಿತು. ಎರಡು ಸಲವೂ ಮಗಳನ್ನು ಕೂರಿಸಿ ಆ ತಾಟಿಗೆ ಬಡಿಸಿದವಳು ಕರಿಯವ್ವನೇ. ಈ ಸಲ ಆಗಬಾರದು ಎಂದು ಚೂರಿ ಒಗೆದು ಅವಳು ಯಾಕೋಬಪ್ಪನ ಕಡೆ ನಡೆದಳು.

ಯಾಕೋಬಪ್ಪ ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಜೋಡಿಗಳ ಹೆಸರು ಬರೆಯುತ್ತಿದ್ದ. ಕರಿಯವ್ವ ಹೇಳಿದ್ದನ್ನು ತಲೆಯೆತ್ತದೆ ಕೇಳಿದ.

"ಹುಡುಗ್ರು ಅದಾವು ಬೀಗತಿ, ಹೊಡದಾಡ್ತಾವು, ಒಂದಾಗ್ತಾವು. ನಂದು ಬ್ಯಾರೆ ಚಿಂತಿ ಐತಿ. ನಾಳೆ ನೀವು ರೊಟ್ಟಿ ಹಿಡಕೊಂಡು ಅಡ್ಡಾಡೋರು. ಸ್ವಂತ ಮಗಳ ಜಗಳ ಹಂಗ ಉಳಿಸಿಕೊಂಡು ಯಾವ ಮುಖ ಇಟಗೊಂಡು ಅಡ್ಡಾಡ್ತೀರಿ? ಜನ ಏನಂದಾರು? ನಿಮ್ಮ ಬದ್ಲಿ ಬ್ಯಾರೆಯವರನ್ನ ನೋಡಬೇಕಾಗತೈತಿ ನೋಡ್ರಿ."

ಎಷ್ಟು ಮೆತ್ತಗೆ ಹೇಳಿದ ಅಂದರೆ, ಒದೆ ಬಿದ್ದದ್ದು ಕರಿಯವ್ವನಿಗೆ ಗೊತ್ತೇ ಆಗಲಿಲ್ಲ. ಬಿಳಿ ಸೀರೆ ಕಣ್ಣ ಮುಂದೆ ಬಂತು. ಇಪ್ಪತ್ತು ವರ್ಷ ಹೊಗೆ ಕುಡಿದವಳು ಒಂದು ದಿನ ಎಲ್ಲರ ಮುಂದೆ ತಲೆಯೆತ್ತಿ ನಡೆಯಬೇಕೆಂದು ಆಸೆಪಟ್ಟರೆ ತಪ್ಪೇನು? ಆಸೆ ತಪ್ಪಲ್ಲ. ಅದಕ್ಕಾಗಿ ಅವಳು ಮಾಡಿದ್ದು ತಪ್ಪು. ತಗಡಿನ ಮರೆಗೆ ವಾಪಸು ಬಂದು ಮಗಳ ರಟ್ಟೆ ಹಿಡಿದಳು.

"ಇದೊಂದು ಸಲ ಉಂಡುಬಿಡು ಎಸ್ತೇರಿ. ನಾಳೆ ಮುಗದಮ್ಯಾಲ ನಾನ ಖುದ್ದು ಅವನ ಸಂಗಾಟ ಮಾತಾಡ್ತೀನಿ. ಹಿರಿಯಳಾಗಿ ಹೇಳಿದ್ರ ಬ್ಯಾರೆ ಇರತೈತಿ."

ಎಸ್ತೇರ ತಾಯಿ ಎಳೆದ ಕಡೆಗೆ ನಡೆದಳು, ಗಂಡನ ಎದುರಿಗೆ ಕೂತಳು. ಕರಿಯವ್ವ ಅನ್ನ ಹಾಕಿ, ಅದರ ಮೇಲೆ ಒಳ್ಳೆಯ ತುಂಡುಗಳನ್ನೇ ಆರಿಸಿ ಸಾರು ಸುರಿದಳು. ಗಿದ್ಯೋನ ನಗುತ್ತ ಒಂದು ತುಂಡು ಹೆಂಡತಿಯ ಬಾಯಿಗಿಟ್ಟ. ಜನ ಚಪ್ಪಾಳೆ ತಟ್ಟಿದರು, ಹೆಂಗಸರು ಹಾಡು ಎತ್ತಿಕೊಂಡರು. ಎಸ್ತೇರ ಅಗಿಯದೆ ನುಂಗಿದಳು. ಆ ತಾಟನ್ನು ಕರಿಯವ್ವನೇ ಬೂದಿ ಹಾಕಿ ಉಜ್ಜಿ ತೊಳೆದು ಬೋರಲು ಹಾಕಿದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಿಳಿ ಸೀರೆ ಉಟ್ಟು, ಮಗಳನ್ನು ಕರೆದುಕೊಂಡೇ ಚರ್ಚಿಗೆ ಹೋಗೋಣವೆಂದು ಅವಳ ಮನೆಗೆ ಬಂದಳು. ಬಾಗಿಲು ತೆರೆದಿತ್ತು. ಗಿದ್ಯೋನನ ಬೈಕು ಇರಲಿಲ್ಲ. ನೀರಿನ ತೊಟ್ಟಿಯ ಹತ್ತಿರ ಎಸ್ತೇರ ಮಗ್ಗುಲಾಗಿ ಬಿದ್ದಿದ್ದಳು. ಬಲಗೈಯ ಮಣಿಕಟ್ಟಿನಲ್ಲಿ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ದವಡೆ ಒಂದು ಕಡೆಗೆ ಸರಿದು ಬಾಯಿ ಮುಚ್ಚಲಾಗದೆ ರಕ್ತ ಎಳೆಯೆಳೆಯಾಗಿ ಸೋರುತ್ತಿತ್ತು. ಹಲ್ಲುಗಳು ಅಲ್ಲೇ ಬಚ್ಚಲಿನ ಕಲ್ಲಿನ ಮೇಲಿದ್ದವು. ಪಕ್ಕದಲ್ಲಿ ಮಷಿನ್ನಿನ ನಟ್ಟು ಬಿಚ್ಚುವ ದೊಡ್ಡ ಪಾನಾ ಬಿದ್ದಿತ್ತು.

ಆದದ್ದು ಇಷ್ಟೇ. ಅವನು ಇಸ್ತ್ರಿ ಮಾಡಿದ ಅಂಗಿ ಕೇಳಿದ್ದ. ಅವಳು ಅಂಗಿ ಕೊಟ್ಟು, ನಿನ್ನ ಮಗ್ಗುಲಲ್ಲಿ ಕೂತು ನಾನು ರೊಟ್ಟಿ ತಗೊಳ್ಳುವುದಿಲ್ಲ ಎಂದಿದ್ದಳು. ಮೊದಲ ಏಟು ಅಡ್ಡ ಹಿಡಿದ ಕೈಗೆ ಬಿತ್ತು, ಎರಡನೆಯದು ಮುಖಕ್ಕೆ. ಆಮೇಲೆ ಅವನು ಅದೇ ತೊಟ್ಟಿಯಲ್ಲಿ ಕೈ ತೊಳೆದುಕೊಂಡು, ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಆರಾಧನೆಗೆ ಹೋಗಿದ್ದ.

ಕರಿಯವ್ವ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಕಿರುಚಿದಳು. ಆ ಕೂಗಿಗೆ ಆಚೆ ಮನೆಯ ಜಿಲಾನಸಾಬ ಶಾಮಿಯಾನ ಸಾಗಿಸುವ ಟೆಂಪೋ ತಂದು ಬಾಗಿಲಿಗೇ ನಿಲ್ಲಿಸಿದ. ಅವನ ಹೆಂಡತಿ ಹಜರತಬೀ ಹಿಂದೆ ಹತ್ತಿ ಎಸ್ತೇರಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಗಂಗಾವತಿಗೆ ಅರ್ಧ ತಾಸಿನ್ಯಾಗ ಮುಟ್ಟಸ್ತೀನಿ, ಹತ್ತು ಕರಿಯಕ್ಕಾ," ಎಂದ ಜಿಲಾನಸಾಬ.

ಕರಿಯವ್ವ ಒಂದು ಕಾಲು ಮೇಲಿಟ್ಟಳು. ಎಸ್ತೇರ ಕಣ್ಣು ತೆರೆದು ನೋಡಿದಳು. ಮಾತಿನ ಜೊತೆ ರಕ್ತವೂ ಬಂತು.

"ನೀನ ಉಣಿಸಿದೆಲ್ಲವಾ."

ಕರಿಯವ್ವ ಕಾಲು ಕೆಳಗಿಳಿಸಿದಳು. "ನೀವು ನಡೀರಿ. ನಾ ಹಿಂದಿಂದ ಬರ್ತೀನಿ," ಅಂದಳು. ತಾಯಿಯಾದವಳು ಆ ಹೊತ್ತಿನಲ್ಲಿ ಮಗಳ ಜೊತೆ ಹೋಗಬೇಕಿತ್ತು ಎಂದು ಈಗಲೂ ಕೆಲವರು ಅನ್ನುತ್ತಾರೆ. ಹೋಗಬೇಕಿತ್ತು, ನಿಜ. ಆದರೆ ಮಗಳ ಆ ಕಣ್ಣಿನ ಮುಂದೆ ಕೂರುವುದು ಆಗ ಅವಳಿಂದ ಆಗಲಿಲ್ಲ.

ಚರ್ಚಿನಲ್ಲಿ ಹಾಡು ನಡೆದಿತ್ತು. ಕರಿಯವ್ವ ನಡುವಿನ ದಾರಿಯಲ್ಲಿ ನೆಟ್ಟಗೆ ಮುಂದೆ ಬಂದು ಹಿರಿಯರ ಸಾಲಿನಲ್ಲಿ ನಿಂತಳು. ಎದೆಯಿಂದ ಸೊಂಟದವರೆಗೆ ಬಿಳಿ ಸೀರೆ ಕೆಂಪಾಗಿತ್ತು. ಯಾರೂ ಏನೂ ಕೇಳಲಿಲ್ಲ. ಅಡುಗೆಯವಳಲ್ಲವೇ, ಮಧ್ಯಾಹ್ನದ ಊಟಕ್ಕೆ ಕೊಯ್ದ ಕುರಿಯ ರಕ್ತ ಇರಬೇಕು, ಸೀರೆ ಬದಲಿಸಲೂ ಪುರಸೊತ್ತಾಗಿಲ್ಲ ಪಾಪ, ಅಂದುಕೊಂಡರಂತೆ. ಪಾದ್ರಿ ಅಯ್ಯನವರು ಹುಬ್ಬು ಗಂಟಿಕ್ಕಿ, ಆದರೂ ಹಿತ್ತಾಳೆಯ ಹರಿವಾಣವನ್ನು ಅವಳ ಕೈಗೆ ಕೊಟ್ಟರು.

ಮೊದಲ ಬೆಂಚು, ಎರಡನೇ ಬೆಂಚು. ಒಬ್ಬೊಬ್ಬರೂ ತಲೆ ತಗ್ಗಿಸಿ ಒಂದೊಂದು ತುಂಡು ತಗೊಂಡರು. ಮೂರನೇ ಬೆಂಚಿನ ತುದಿಗೆ ಗಿದ್ಯೋನ ಕಣ್ಣು ಮುಚ್ಚಿ ಬೊಗಸೆ ಒಡ್ಡಿ ಕೂತಿದ್ದ. ಉಗುರಿನ ಸಂದಿಯಲ್ಲಿ ಕೆಂಪು ಉಳಿದಿತ್ತು.

"ಮ್ಯಾಲೆ ನೋಡು," ಅಂದಳು ಕರಿಯವ್ವ. "ಈ ಕೈಯಾಗ ನಾ ರೊಟ್ಟಿ ಇಡಂಗಿಲ್ಲ."

ಹಾಡು ನಿಂತಿತು. ಗಿದ್ಯೋನ ಅವಳ ಸೀರೆ ನೋಡಿದ, ಮುಖ ಬಿಳಿಚಿಕೊಂಡಿತು. "ಅತ್ತಿ, ಸುಮ್ನ ಮುಂದ ಹೋಗ್ರಿ," ಎಂದು ಹಲ್ಲು ಕಚ್ಚಿ ಅಂದ.

ಯಾಕೋಬಪ್ಪ ಎದ್ದು ನಿಂತ. "ಕೊಡ್ರಿ ಬೀಗತಿ. ನಿನ್ನೆ ತಾಟು ತೊಳದೈತಿ. ಅದರ ಸುದ್ದಿ ಎತ್ತಬಾರದು."

"ಇದು ನಿನ್ನೆದಲ್ಲ ಬೀಗರ. ಇವತ್ತಿಂದು. ಪಾನಾ ತಗೊಂಡು ನನ್ನ ಮಗಳ ದವಡಿ ಮುರದು ಬಂದು ಇಲ್ಲಿ ಕೈ ಒಡ್ಡ್ಯಾನ ನಿಮ್ಮ ಮಗ. ಈ ರಕ್ತ ಕುರಿದಲ್ಲ, ಎಸ್ತೇರಿದು."

ಗಿದ್ಯೋನ ಎದ್ದವನೇ ಅವಳ ಎದೆಗೆ ಕೈಹಚ್ಚಿ ತಳ್ಳಿದ. ರೊಟ್ಟಿಯ ತುಂಡುಗಳು ಹಾರಿ ಜನರ ಕಾಲ ಕೆಳಗೆ ಬಿದ್ದವು. ಹರಿವಾಣ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಕರಿಯವ್ವ ಅದನ್ನು ಎರಡೂ ಕೈಯಿಂದ ಎತ್ತಿ ಅಳಿಯನ ಮುಖದ ಮೇಲೆ ಬಾರಿಸಿದಳು. ಮೂಗಿನ ಎಲುಬು ಮುರಿದ ಸದ್ದು ಹಿಂದಿನ ಬೆಂಚಿನವರಿಗೂ ಕೇಳಿಸಿತು. ಇನ್ನೊಂದು ಬಾರಿಸಿದಳು. ಅದು ಕಿವಿಯ ಮೇಲೆ ಬಿತ್ತು. ಅವನು ಮೊಣಕಾಲೂರಿದ. ಮೂರನೆಯ ಏಟು ನೆತ್ತಿಗೆ ಬಿದ್ದಾಗ ಹಿತ್ತಾಳೆ ತಗ್ಗುಬಿತ್ತು.

ಅಷ್ಟರಲ್ಲಿ ಅವನ ಇಬ್ಬರು ತಮ್ಮಂದಿರು ಬೆಂಚು ಹಾರಿ ಬಂದರು. ಒಬ್ಬ ಅವಳ ತುರುಬು ಹಿಡಿದು ಹಿಂದಕ್ಕೆಳೆದ, ಇನ್ನೊಬ್ಬ ಪಕ್ಕೆಗೆ ಒದ್ದ. ಅವಳು ಬೀಳುತ್ತಾ ತುರುಬು ಹಿಡಿದವನ ಕೈಯನ್ನು ಸಿಕ್ಕಲ್ಲಿ ಕಚ್ಚಿದಳು, ಬಿಡಿಸಿಕೊಳ್ಳಲು ಅವನು ಅವಳ ತಲೆಯನ್ನು ಬೆಂಚಿನ ಮೂಲೆಗೆ ಗುದ್ದಿಸಿದ. ಕೂಟದ ಬುಧವಾರ ಒಂದೇ ಹಗ್ಗ ಹಿಡಿದು ನಗುತ್ತಾ ಜಗ್ಗಿದ್ದ ಗಂಡಸರು ಈಗ ಎರಡು ಪಂಗಡವಾಗಿ ಅಂಗಿ ಹಿಡಿದು ಗುದ್ದಾಡಿದರು. ಮಕ್ಕಳು ಬೆಂಚಿನಡಿ ನುಸುಳಿ ಬಾಯಿ ಮಾಡಿಕೊಂಡು ಅತ್ತವು. ಅಯ್ಯನವರು ಕೈಯೆತ್ತಿ ಕೂಗುತ್ತಲೇ ಇದ್ದರು, ಯಾರೂ ಕೇಳಲಿಲ್ಲ. ಕೊನೆಗೆ ಅಡುಗೆಯ ಹೆಂಗಸರು ಆರು ಜನ ನುಗ್ಗಿ ಕರಿಯವ್ವನನ್ನು ಕಾಲು ಹಿಡಿದು ಹೊರಗೆ ಎಳೆದು ತಂದರು.

ಗಂಗಾವತಿಯ ಆಸ್ಪತ್ರೆಯಲ್ಲಿ ಅವಳ ತಲೆಗೆ ಒಂಬತ್ತು ಹೊಲಿಗೆ ಬಿದ್ದವು. ಹೊಲಿಸಿಕೊಂಡು ನೇರವಾಗಿ ಮಗಳ ಮಂಚದ ಹತ್ತಿರ ಬಂದು ಕೂತಳು. ಎಸ್ತೇರಳ ದವಡೆಗೆ ಪಟ್ಟಿ ಕಟ್ಟಿದ್ದರು, ಮುಖ ಗೋಡೆಯ ಕಡೆಗಿತ್ತು. ಹಜರತಬೀ ಹನಿಹನಿಯಾಗಿ ನೀರು ಹಾಕುತ್ತಿದ್ದಳು.

"ಎಲ್ಲಾರ ಮುಂದ ಹೊಡದ್ನೆವಾ ಅವನ್ನ," ಎಂದಳು ಕರಿಯವ್ವ.

ಮಗಳು ತಿರುಗಲಿಲ್ಲ. ಹೊಡೆದದ್ದರಿಂದ ಒಂದು ಹಲ್ಲೂ ವಾಪಸು ಬರುವುದಿಲ್ಲ ಎಂದು ಕರಿಯವ್ವನಿಗೆ ಆಗ ಗೊತ್ತಾಯಿತು.

ಮಧ್ಯಾಹ್ನ ಯಾಕೋಬಪ್ಪ ಕೈಯಲ್ಲಿ ಊಟದ ಡಬ್ಬಿ ಹಿಡಿದು ಬಂದ. ಅವನ ಕಣ್ಣೂ ಊದಿತ್ತು. "ಎರಡೂ ಕಡಿಗೆ ರಕ್ತ ಬಂದೈತಿ ಬೀಗತಿ, ಸರೀಗೆ ಸರಿ ಆತು. ಗಿದ್ಯೋನ ಹೊರಗ ಅದಾನ. ಪೊಲೀಸ್ನೋರು ಬರೂದ್ರಾಗ ನೀವಿಬ್ರೂ ಕುಂತು ಎರಡು ತುತ್ತು ಉಂಡುಬಿಡ್ರಿ. ಸಭಾದ ಮಾನ ಉಳಿಲಿ. ನೀವು ಹಿರಿಯಳಾಗೇ ಇರ್ರಿ, ನಾ ನೋಡ್ಕೋತೀನಿ."

"ಡಬ್ಬಿ ಬಾಗಲದಾಗ ಇಟ್ಟು ಹೋಗ್ರಿ ಬೀಗರ. ಅಲ್ಲೆ ಒಂದು ನಾಯಿ ಐತಿ, ಹಸದಿರಬೇಕು. ಅದರ ಸಂಗಾಟ ನಿಮ್ಮ ಮಗ ಉಣ್ಣಲಿ."

ಅವನು ಹೋದ ಹತ್ತು ನಿಮಿಷಕ್ಕೆ ಹೇಳಿಕೆ ತಗೊಳ್ಳಲು ಮಹಿಳಾ ಪೊಲೀಸ್ ಶಮೀನಾ ಬಂದಳು. ಸ್ಟೂಲು ಎಳೆದುಕೊಂಡು ಕೂತು ಹಾಳೆ ತೆಗೆದಳು. ಕರಿಯವ್ವ ಎಲ್ಲವನ್ನೂ ಹೇಳಿದಳು. ಕಿವಿ ಹೋದದ್ದು, ಬಸಿರು ಹೋದದ್ದು, ಬೆಲ್ಟು, ಪಾನಾ. ತಾನು ಹರಿವಾಣದಿಂದ ಹೊಡೆದದ್ದನ್ನೂ ಬಿಡಲಿಲ್ಲ. ಶಮೀನಾ ಬರೆದು ಮುಗಿಸಿ ಪೆನ್ನು ಮುಚ್ಚುವಷ್ಟರಲ್ಲಿ ಕರಿಯವ್ವ ಹಾಳೆಯ ಮೇಲೆ ಕೈಯಿಟ್ಟಳು.

"ಇನ್ನೂ ಒಂದು ಹೆಸರು ಐತಿ, ಬರಕೋರಿ. ಕರಿಯವ್ವ."

"ನಿಮ್ಮ ಹೆಸರು ಆಗ್ಲೆ ಬರದೀನಲ್ಲಮ್ಮಾ, ದೂರು ಕೊಟ್ಟೋರು ಅಂತ."

"ಹಂಗಲ್ಲ. ಹೊಡದೋರ ಸಾಲಿನ್ಯಾಗ ಬರಕೋರಿ. ಮೂರು ಸಲ ಈಕಿ ನನ್ನ ಕಡೆ ಬಂದ್ಳು, ಮೂರು ಸಲನೂ ನಾನ ರಟ್ಟಿ ಹಿಡದು ಅವನ ಮುಂದ ಕುಂಡ್ರಿಸೀನಿ. ನಿನ್ನೆ ಬ್ಯಾಡವಾ ಅಂದ್ಳು. ನನಗ ಹಿರಿಯಳಾಗೂದು ಬೇಕಾಗಿತ್ತು. ಅದಕ್ಕ ಕುಂಡ್ರಿಸಿದೆ."

ಶಮೀನಾ ಬರೆದ ಹಾಳೆಯನ್ನು ತಿರುವಿ ನೋಡಿದಳು. "ಅದಕ್ಕ ಕಾಯ್ದೆ ಇಲ್ಲಮ್ಮಾ. ಯಾವ ಕಲಂ ಹಾಕ್ಲಿ ನಾ?"

ಮಂಚದ ಮೇಲೆ ಎಸ್ತೇರ ಮೊದಲ ಸಲ ಈ ಕಡೆ ತಿರುಗಿದಳು. ಊದಿದ ಕಣ್ಣಿನಿಂದ ತಾಯಿಯನ್ನು ಬಹಳ ಹೊತ್ತು ನೋಡಿದಳು. ಪಟ್ಟಿಯ ಸಂದಿಯಿಂದ ಒಂದೊಂದೇ ಮಾತು ಹೊರಗೆ ಬಂತು.

"ಬರಕೋರಿ ಅಕ್ಕಾರ. ಆಕಿ ಖರೇ ಹೇಳಾಕತ್ಯಾಳ."